ಗುರುವಾರ ಬಂದ ಸೋಮವಾರ

ಮೊನ್ನೆ ಸಂಜೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ರಸ್ತೆಯ ತಿರುವಿನಲ್ಲಿ ಕೂರುವ ಹೂವಿನಾಕೆ ತನ್ನ ಡಬ್ಬಿಯ ಮುಚ್ಚಳ ತೆಗೆದಳು. ನೀಲಿ ಡಬ್ಬಿ, ಬಿಳಿ ಮುಚ್ಚಳ, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಒಳಗಿನಿಂದ ತಣ್ಣನೆಯ ಗಾಳಿ ಬಂತು, ಅದರ ಜೊತೆ ಮಲ್ಲಿಗೆಯ ವಾಸನೆ, ಮಲ್ಲಿಗೆಯ ಹಿಂದೆ ಹಳೆಯ ಪ್ಲಾಸ್ಟಿಕ್ಕಿನ ಒಂದು ಮಂದ ವಾಸನೆ... ನಾನು ನಿಂತಲ್ಲೇ ನಿಂತೆ. ಅದು ಹೂವಿನ ಡಬ್ಬಿಯಲ್ಲ. ಲಸಿಕೆ ಡಬ್ಬಿ. ಒಂದು ಕಾಲಕ್ಕೆ ಸರ್ಕಾರದ ವ್ಯಾಕ್ಸಿನ್ ಕ್ಯಾರಿಯರ್ ಆಗಿದ್ದದ್ದು.

"ಎಲ್ಲಿ ಸಿಕ್ತಮ್ಮಾ ಇದು?" ಎಂದೆ.

"ಗುಜರ್ಯಾಗ ರೀ ಅಮ್ಮಾ. ಹೂವು ಇಡಾಕ ಭಾಳ ಚೊಲೊ ಐತಿ. ಎಷ್ಟು ಮೊಳ ಕೊಡ್ಲಿ?"

ಲಸಿಕೆ ಡಬ್ಬಿಗೂ ಮಲ್ಲಿಗೆಗೂ ಇರುವ ಸಂಬಂಧವನ್ನು ನಾನು ಒಮ್ಮೆ ಸರ್ಕಾರಕ್ಕೆ ಲಿಖಿತವಾಗಿ ವಿವರಿಸಬೇಕಾಗಿ ಬಂದಿತ್ತು. ಇವಳಿಗೆ ಅದು ಗುಜರಿ ಅಂಗಡಿಯಲ್ಲೇ ಹೊಳೆದಿದೆ. ನಗು ಬಂತು. ನಗುವಿನ ಹಿಂದೆಯೇ ಸಿಸ್ಟರ್ ಬಂದಳು.

ಈ ಊರಿನ ಕಾನ್ವೆಂಟಿನಲ್ಲಿ ಓದಿದ ನನಗೆ ಸಿಸ್ಟರ್ ಎಂದರೆ ಇಸ್ತ್ರಿ ಮಾಡಿದ ಬಿಳಿ ಗೌನು, ಎದೆಯ ಮೇಲೆ ಶಿಲುಬೆ, ಕೈಯಲ್ಲಿ ರೂಲರ್. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಸುಳ್ಳು ಹೇಳಿದರೆ ಅದಕ್ಕಿಂತ ದೊಡ್ಡ ಶಿಕ್ಷೆ: ಏನೂ ಹೇಳದೆ ಸುಮ್ಮನೆ ನಮ್ಮನ್ನೇ ನೋಡುತ್ತಿದ್ದರು. ಐ ಮಸ್ಟ್ ಸೇ, ಆ ನೋಟಕ್ಕೆ ಹೆದರಿಯೇ ನಾನು ಡಾಕ್ಟರಾದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದೇ ಒಂದು ಮೆಮೊ ಇಲ್ಲದೆ ದುಡಿದೆ, ರಿಟೈರ್ ಆದೆ. ಆಗ ದೂರದ ಹಳ್ಳಿಗಳಿಗೆ ಹೋಗುವ ಡಾಕ್ಟರುಗಳಿರಲಿಲ್ಲ. ರಿಟೈರ್ ಆದವರನ್ನೇ ಗುತ್ತಿಗೆಯ ಮೇಲೆ ಮತ್ತೆ ಕರೆಯುತ್ತಿದ್ದರು. ಮನೆಯಲ್ಲಿ ಕೂತು ಬೋರಾಗಿದ್ದ ನಾನು ಹೂಂ ಎಂದೆ. ಹನ್ನೆರಡು ವರ್ಷದ ಹಿಂದಿನ ಮಾತಿದು.

ಸಿರುಗುಪ್ಪ ದಾಟಿ, ಭತ್ತದ ಗದ್ದೆಗಳ ನಡುವೆ ಹೊಳೆಯ ಕಡೆಗೆ ಹೋದರೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಆಂಧ್ರ ಅಲ್ಲಿಂದ ಕೂಗಳತೆ. ಅರ್ಧ ಪೇಶೆಂಟುಗಳು ಕನ್ನಡದಲ್ಲಿ ಕೆಮ್ಮಿದರೆ ಇನ್ನರ್ಧ ತೆಲುಗಿನಲ್ಲಿ ಕೆಮ್ಮುತ್ತಿದ್ದರು. ಆ ಕೇಂದ್ರದ ನರ್ಸೇ ನನ್ನ ಬದುಕಿನ ಎರಡನೇ ಥರದ ಸಿಸ್ಟರ್. ಕುರುಗೋಡಿನವಳು. ಗಿಡ್ಡಕ್ಕೆ, ದುಂಡಗೆ ಇದ್ದಳು. ಬಿಳಿ ಸೀರೆ, ಎಡ ದವಡೆಯಲ್ಲಿ ಎಲೆ ಅಡಿಕೆ, ಬಲ ಹೆಗಲಲ್ಲಿ ನೀಲಿ ಡಬ್ಬಿ. ಊರವರು ಸಿಸ್ಟರಮ್ಮ ಎನ್ನುತ್ತಿದ್ದರು.

ಆಕೆಯ ಸೂಜಿಯ ರೀತಿಯೇ ಬೇರೆ. ಮಗುವಿಗೆ ಚುಚ್ಚುವ ಮೊದಲು ಅದನ್ನು ಹಿಡಿದುಕೊಂಡ ಅಜ್ಜಿಯನ್ನೋ ತಾಯಿಯನ್ನೋ ಜೋರಾಗಿ ಬೈಯುತ್ತಿದ್ದಳು. "ಏನವ್ವಾ, ಕೂಸಿನ ಕಣ್ಣಿಗೆ ಕಾಡಿಗಿ ಹಚ್ಚೀಯೋ ಡಾಂಬರ ಬಳದೀಯೋ?" ಎಂದರೆ ಸಾಕು, ಮಗು ಬಾಯಿ ತೆರೆದು ಆಕೆಯನ್ನೇ ನೋಡುತ್ತಿತ್ತು, ಅಜ್ಜಿ ತಿರುಗಿ ಬೈಯಲು ಉಸಿರು ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ದೊಡ್ಡವರಿಗೂ ಅದೇ ಚಿಕಿತ್ಸೆ. ನನಗೆ ಒಮ್ಮೆ ಟಿಟಿ ಕೊಡುವಾಗ "ಇದೇನ್ರಿ ಮೇಡಂ, ಇಷ್ಟು ಓದಿದಾಕಿ ಉಲ್ಟಾ ಚಪ್ಪಲಿ ಹಾಕ್ಕೊಂಡು ಬಂದೀರಿ" ಎಂದಳು. ನಾನು ಬಗ್ಗಿ ಕಾಲು ನೋಡಿಕೊಂಡೆ. ಚಪ್ಪಲಿ ಸರಿಯಾಗೇ ಇತ್ತು. ಇಂಜೆಕ್ಷನ್ ಮುಗಿದಿತ್ತು.

ಹೋದ ಮೊದಲ ತಿಂಗಳೇ ನಮ್ಮಿಬ್ಬರಿಗೆ ಜಗಳವಾಯಿತು. ಒಂದು ಸೋಮವಾರ ಬೆಳಿಗ್ಗೆ ಆಕೆ ಡಬ್ಬಿ ಹೆಗಲಿಗೇರಿಸಿ ಹೊರಟಿದ್ದಳು. ಚೆಕ್ ಮಾಡೋಣವೆಂದು ನಾನು ಮುಚ್ಚಳ ತೆಗೆದೆ. ಸುತ್ತ ಐಸ್ ಪ್ಯಾಕು, ನಡುವೆ ಲಸಿಕೆಯ ಸೀಸೆಗಳು, ಸೀಸೆಗಳ ಪಕ್ಕ ಅರ್ಧ ಮೊಳ ಮಲ್ಲಿಗೆ!

"ಸಿಸ್ಟರ್! ವಾಟ್ ಈಸ್ ದಿಸ್? ಇದು ವ್ಯಾಕ್ಸಿನ್ ಬಾಕ್ಸಾ, ಹೂವಿನ ಬುಟ್ಟಿಯಾ?"

ಆಕೆ ಎಲೆ ಅಡಿಕೆಯನ್ನು ಬಲ ದವಡೆಗೆ ಸರಿಸಿದಳು. "ಅದು ನನ್ನ ಥರ್ಮಾಮೀಟರ್ ರೀ ಮೇಡಂ. ಸರ್ಕಾರ ಕೊಟ್ಟಿದ್ದು ಒಡದು ಎರಡು ವರ್ಷ ಆತು. ಹೂವು ಹಳದಿ ತಿರುಗಿದ್ರ ಥಂಡಿ ಕಡಿಮಿ ಆತು ಅಂತ. ಅಂಚು ಕಪ್ಪಾದ್ರ ಥಂಡಿ ಹೆಚ್ಚಾತು, ಸೀಸೆದಾಗಿಂದು ಗಡ್ಡಿ ಕಟ್ಟಿ ಕೆಡತೈತಿ ಅಂತ. ಬೆಳ್ಳಗ ಇದ್ರ ಎಲ್ಲಾ ಬೆಳ್ಳಗ."

ಹೊಸ ಥರ್ಮಾಮೀಟರ್ ತರಿಸಿಕೊಟ್ಟೆ. ಆಕೆ ಒಂದು ವಾರ ಹೂವನ್ನೂ ಅದನ್ನೂ ಜೊತೆಗಿಟ್ಟು ನೋಡಿ, "ಪರವಾಗಿಲ್ಲ ರೀ, ಇದೂ ಖರೇನ ಹೇಳತೈತಿ" ಎಂದು ಸರ್ಟಿಫಿಕೇಟ್ ಕೊಟ್ಟಳು. ಹೂವನ್ನು ಮಾತ್ರ ಬಿಡಲಿಲ್ಲ.

ಆದರೆ ಆ ದಿನ ನನಗೆ ಇನ್ನೊಂದು ಪ್ರಶ್ನೆ ಎದ್ದಿತ್ತು. ಲಸಿಕೆಯ ದಿನ ಗುರುವಾರ. ಸರ್ಕಾರಿ ಆದೇಶ, ಗೋಡೆಯ ಮೇಲಿನ ಬೋರ್ಡು, ರಿಜಿಸ್ಟರು ಎಲ್ಲವೂ ಗುರುವಾರ ಎನ್ನುತ್ತಿದ್ದವು. ಇವಳು ಸೋಮವಾರ ಡಬ್ಬಿ ಹೊತ್ತು ಎಲ್ಲಿಗೆ ಹೊರಟಿದ್ದಾಳೆ? ರಿಜಿಸ್ಟರ್ ತೆರೆದೆ. ನಮ್ಮ ಕೇಂದ್ರಕ್ಕೆ ಸೇರಿದ, ಬಸ್ಸು ಹೋಗದ ಕಡೆಯ ಹಳ್ಳಿಯೊಂದಿತ್ತು. ಅಲ್ಲಿನ ಲಸಿಕೆಗಳೆಲ್ಲ ಪುಟಗಟ್ಟಲೆ ಗುರುವಾರದ ತಾರೀಖಿನಲ್ಲಿದ್ದವು. ಅಂದರೆ ಫಾಲ್ಸ್ ರೆಕಾರ್ಡ್. ನನ್ನ ಕಣ್ಣ ಮುಂದೆ ಕಾನ್ವೆಂಟಿನ ಆ ನೋಟ ಬಂತು.

ಆಕೆ ವಾದ ಮಾಡಲಿಲ್ಲ. "ಗುರುವಾರ ನನ್ನ ಜೋಡಿ ಒಮ್ಮೆ ಬಂದು ನೋಡ್ರಿ" ಎಂದಳು.

ಹೋದೆ. ಆ ಹಳ್ಳಿಯಲ್ಲಿ ಬಾಗಿಲುಗಳಿಗೆಲ್ಲ ಬೀಗ, ಬೀದಿಯಲ್ಲಿ ಕೋಳಿಗಳು. ನಾಟಿಯ ಸಮಯ. ಗಂಡಸರು ಹೆಂಗಸರು ಎಲ್ಲ ಗದ್ದೆಯಲ್ಲಿ. ಹಾಲು ಕುಡಿಯುವ ಕೂಸುಗಳೂ ಅಲ್ಲೇ, ಬದುವಿನ ಜಾಲಿಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಯಾವ ಬದು ಯಾವ ಮರ ಎಂದು ದೇವರಿಗೇ ಗೊತ್ತು. ಕಟ್ಟೆಯ ಮೇಲೆ ಒಬ್ಬ ಮುದುಕ ಮಾತ್ರ ಕೂತಿದ್ದ. "ಗುರುವಾರ ಯಾರು ಇರ್ತಾರಮ್ಮಾ? ಕಾಲು ಎದ್ದಿದ್ರ ನಾನೂ ಇರ್ತಿದ್ದಿಲ್ಲ" ಎಂದ.

ಮುಂದಿನ ಸೋಮವಾರ ಮತ್ತೆ ಹೋದೆ. ಅದೇ ಹಳ್ಳಿಯೇ? ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಹೂಡುವುದಿಲ್ಲ. ಎತ್ತು ನಿಂತರೆ ಊರು ನಿಂತಂತೆ. ಅಷ್ಟರಲ್ಲಿ ಹಲವರ ಮನೆಗೆ ಟ್ರ್ಯಾಕ್ಟರ್ ಬಂದಿತ್ತು ನಿಜ, ಆದರೆ ಟ್ರ್ಯಾಕ್ಟರಿಗೂ ಅಂದು ರಜೆ. ಮೈ ತೊಳೆಸಿಕೊಂಡು, ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆಸಿಕೊಂಡು, ಎತ್ತುಗಳ ಪಕ್ಕದಲ್ಲೇ ನಿಂತಿದ್ದವು. ಕಟ್ಟೆಯ ಸುತ್ತ ಕೂಸುಗಳು, ತಾಯಂದಿರು, ಬೈಸಿಕೊಳ್ಳಲು ಸಿದ್ಧರಾಗಿ ಬಂದ ಅಜ್ಜಿಯರು. ಒಂದು ಸೀಸೆಯೂ ಮಿಕ್ಕದೆ ಡಬ್ಬಿ ಖಾಲಿಯಾಯಿತು. ಸೋಮವಾರ ಬೇರೆ ಊರಲ್ಲಿ ಮಾಡಬೇಕಾದ ಮನೆ ಭೇಟಿಯನ್ನು ಆಕೆ ಗುರುವಾರ ಮಾಡುತ್ತಿದ್ದಳು. ಎರಡು ದಿನಗಳನ್ನು ಅದಲು ಬದಲು ಮಾಡಿದ್ದಳು, ಅಷ್ಟೆ.

ವಾಪಸ್ ಬರುವಾಗ ದಾರಿಯಲ್ಲಿ ಹೇಳಿದಳು. ಮೊದಲ ವರ್ಷ ಆಕೆಯೂ ರೂಲ್ಸ್ ಪ್ರಕಾರ ಗುರುವಾರವೇ ಹೋಗುತ್ತಿದ್ದಳಂತೆ. ಕಟ್ಟೆಯ ಪಕ್ಕದ ಮನೆಯ ಅಜ್ಜಿಗೆ ಒಬ್ಬ ಮೊಮ್ಮಗಳಿದ್ದಳು. "ಮೂರು ಗುರುವಾರ ಹೋದೆ ರೀ. ಮೂರು ಸಲಾನೂ ಕೀಲಿ. ನಾಕನೇ ವಾರ ಕೂಸಿಗೆ ದಡಾರ ಎದ್ದಿತ್ತು, ಉಳೀಲಿಲ್ಲ." ಆಕೆ ಎಲೆ ಅಡಿಕೆಯನ್ನು ದಾರಿಯ ಬದಿಗೆ ಉಗುಳಿದಳು. "ನನ್ನ ರಿಜಿಸ್ಟರ್ನ್ಯಾಗ ಮಾತ್ರ ಎಲ್ಲಾ ಕರೆಕ್ಟ್ ಇತ್ತು ಮೇಡಂ. ಹೋಗಿದ್ದೆ, ಮನಿ ಬಾಗಲಾ ಹಾಕಿತ್ತು, ಅಂತ."

ನಾನು ರಿಜಿಸ್ಟರಿಗೆ ಸಹಿ ಮಾಡಿದೆ. ತಾರೀಖು ಹಾಕಲಿಲ್ಲ, ಅದನ್ನು ಆಕೆಯೇ ಹಾಕಿಕೊಳ್ಳುತ್ತಿದ್ದಳು. ಹೀಗೆ ಮಾಡಿದರೆ ಸುಳ್ಳಿನಲ್ಲಿ ನನ್ನದು ಅರ್ಧವೇ ಪಾಲು ಎಂದು ನನಗೆ ನಾನೇ ಹೇಳಿಕೊಂಡೆ. ಕಾನ್ವೆಂಟ್ ಲಾಜಿಕ್.

ಹೀಗೆ ಎರಡು ವರ್ಷ ನಡೆಯಿತು. ಒಂದು ಮಂಗಳವಾರ ಬಳ್ಳಾರಿಯಿಂದ ಫೋನು: ಲಸಿಕೆಯ ಮೇಲಧಿಕಾರಿ ನಾಡಿದ್ದು ಗುರುವಾರ ಅದೇ ಹಳ್ಳಿಗೆ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆ. ಮೈ ಗಾಡ್! ಹಿಂದಿನ ದಿನವಷ್ಟೇ ಅಲ್ಲಿ ಸೂಜಿ ಮುಗಿದಿತ್ತು. ಗುರುವಾರ ಹೋದರೆ ಅವರಿಗೆ ಸಿಗುವುದು ಕೋಳಿಗಳು. ಸುಳ್ಳು ದಾಖಲೆ ಎಂದರೆ ಆಕೆಗೆ ಸಸ್ಪೆನ್ಶನ್. ಆಕೆಗೆ ಅದಕ್ಕಿಂತ ದೊಡ್ಡ ದಿಗಿಲು ಬೇರೆ ಇತ್ತು. "ನಾನು ಹೋಗ್ಲಿ ಬಿಡ್ರಿ, ಬ್ಯಾರೆದಾಕಿ ಬರ್ತಾಳ. ಆಕಿ ಗುರುವಾರ ಹೋಗಾಕ ಹತ್ತಿದ್ರ?" ಎಂದಳು.

ಬುಧವಾರ ಆಕೆ ಹಳ್ಳಿಗೆ ಹೋಗಿ ಮನೆ ಮನೆಗೂ ಹೇಳಿ ಬಂದಳು. "ನಾಳಿಗೆ ಒಂದು ದಿನ ಯಾರೂ ಹೊಲಕ್ಕ ಹೋಗಬ್ಯಾಡ್ರಿ. ಸೋಮವಾರ ಹೆಂಗ ಇರ್ತೀರೋ ಹಂಗ ಇರ್ರಿ." ಪಾಪ, ಅದೊಂದು ಮಾತಿನಲ್ಲೇ ತಪ್ಪಿದ್ದಳು.

ಗುರುವಾರ ಹನ್ನೊಂದಕ್ಕೆ ಸಾಹೇಬರ ಜೀಪು, ಹಿಂದಿನ ಸೀಟಿನಲ್ಲಿ ನನ್ನನ್ನೂ ಸಿಸ್ಟರನ್ನೂ ಕೂರಿಸಿಕೊಂಡು, ಊರೊಳಗೆ ಬಂತು. ಸಿಸ್ಟರಮ್ಮ ಸೋಮವಾರದಂತೆ ಇರಿ ಎಂದಿದ್ದಳಲ್ಲ, ಊರು ಅಕ್ಷರಶಃ ಹಾಗೇ ಇತ್ತು. ಎತ್ತುಗಳ ಮೈ ತೊಳೆದು ಕೋಡಿಗೆ ಎಣ್ಣೆ ಹಚ್ಚಿದ್ದರು. ಟ್ರ್ಯಾಕ್ಟರುಗಳು ಸಾಲಾಗಿ ವಿಭೂತಿ ಧರಿಸಿ ನಿಂತಿದ್ದವು. ಹಿಟ್ಟಿನ ಗಿರಣಿ ಬಂದ್. ಬಸವಣ್ಣನ ಗುಡಿಯಲ್ಲಿ ತಾಳ, ದಮ್ಮಡಿ. ನಾವು ಜೀಪಿನಿಂದ ಇಳಿಯುತ್ತಿದ್ದಂತೆ ಮೈಕು ಕೂಗಿತು: "ಭಕ್ತಾದಿಗಳಿಗೆ ತಿಳಿಸೋದೇನಂದ್ರ, ಸೋಮವಾರದ ಭಜನಿ ಈಗ ಸುರು ಆಗತೈತಿ!"

ಸಾಹೇಬರು ಜೇಬಿನಿಂದ ಮೊಬೈಲ್ ತೆಗೆದು ತಾರೀಖು ನೋಡಿದರು. ಆಮೇಲೆ ಡ್ರೈವರನ ಕಡೆ ತಿರುಗಿದರು. "ಲೇ, ಇವತ್ತು ಯಾವ ವಾರಲೇ?"

"ಗುರುವಾರ ರೀ ಸಾರ್." ಅವನು ಎತ್ತುಗಳನ್ನು ಒಮ್ಮೆ ನೋಡಿದ. "ಬಳ್ಳಾರ್ಯಾಗ."

ಮೊಮ್ಮಗಳನ್ನು ಕಳೆದುಕೊಂಡಿದ್ದ ಆ ಕಟ್ಟೆಮನೆಯ ಅಜ್ಜಿ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಸಾಹೇಬರು ಅವಳನ್ನೇ ಕೇಳಿದರು. "ಏನಜ್ಜಿ, ಇವತ್ತು ಸೋಮವಾರಾನ?"

ಅಜ್ಜಿಗೆ ಸಿಸ್ಟರ್‌ನ ಹೂಟ ಪೂರ್ತಿ ನೆನಪಿತ್ತು. ಊರನ್ನು ಉಳಿಸುವವಳಂತೆ ಎದೆ ಸೆಟೆಸಿ ಹೇಳಿದಳು. "ಹೌದ್ರಿಯಪ್ಪಾ! ಸಿಸ್ಟರಮ್ಮ ಬಂದಾಳಂದ ಮ್ಯಾಲೆ ಸೋಮವಾರನ ಅಲ್ಲೇನ್ರಿ?"

ಸಿಸ್ಟರ್ ಕಣ್ಣು ಮುಚ್ಚಿಕೊಂಡಳು.

ಸಾಹೇಬರು ದಡ್ಡರಲ್ಲ. ತಾಯಿ ಕಾರ್ಡುಗಳನ್ನು ತರಿಸಿ ಎಂದರು, ಮಕ್ಕಳ ಲಸಿಕೆಯ ತಾರೀಖು ಬರೆದು ಮನೆಯಲ್ಲಿಡುವ ಕಾರ್ಡುಗಳು. ತೊಡೆಯ ಮೇಲೆ ರಿಜಿಸ್ಟರ್, ಪಕ್ಕದಲ್ಲಿ ಕಾರ್ಡುಗಳ ರಾಶಿ. ನನಗೆ ಆಗಲೇ ಗೊತ್ತಾದದ್ದು: ರಿಜಿಸ್ಟರಿನಲ್ಲಿ ಎಲ್ಲ ಗುರುವಾರ, ಕಾರ್ಡುಗಳಲ್ಲಿ ಎಲ್ಲ ಸೋಮವಾರ! ಈಕೆ ಎರಡನ್ನೂ ಒಂದೇ ಮಾಡಿಕೊಳ್ಳಬಾರದಿತ್ತೇ?

"ಏನಮ್ಮಾ ಇದು?" ಎಂದರು ಸಾಹೇಬರು.

"ಸರ್ಕಾರದ ಪುಸ್ತಕಕ್ಕ ಸುಳ್ಳು ಹೇಳೀನಿ ರೀ ಸಾರ್. ಕೂಸಿನ ಕಾರ್ಡಿಗೆ ಹೆಂಗ ಹೇಳಲಿ? ಮುಂದಿನ ಸೂಜಿ ಲೆಕ್ಕ ತಪ್ಪತೈತಲ್ಲ."

"ಈ ಸಹಿ ಯಾರದು?"

ಅರವತ್ತು ದಾಟಿದ ನಾನು ಎಂಟನೇ ಕ್ಲಾಸಿನ ಹುಡುಗಿಯಂತೆ ಎದ್ದು ನಿಂತೆ. "ದ ಸಿಗ್ನೇಚರ್ ಈಸ್ ಮೈನ್, ಸರ್."

"ತಾರೀಖು ನಂದ್ರಿ," ಎಂದು ಸಿಸ್ಟರ್ ತಕ್ಷಣ ನಡುವೆ ಬಂದಳು. "ಮೇಡಂ ಅವರದು ಬರೇ ಹೆಸರು."

ಸಾಹೇಬರು ಒಂದೊಂದೇ ಕಾರ್ಡು ನೋಡುತ್ತಾ ಹೋದರು. ಗುಡಿಯಲ್ಲಿ ಭಜನೆ ನಡೆದೇ ಇತ್ತು. ಕಡೆಯ ಕಾರ್ಡು ಕೆಳಗಿಟ್ಟಾಗ ಅವರ ಮುಖ ಬದಲಾಗಿತ್ತು. ಒಂದೇ ಒಂದು ಮಗುವಿನ ಒಂದೇ ಒಂದು ಸೂಜಿಯೂ ತಪ್ಪಿರಲಿಲ್ಲ. "ದಿನ ಬದಲಿಸಬೇಕಿದ್ದರೆ ಒಂದು ಅರ್ಜಿ ಕೊಡಬೇಕಿತ್ತಲ್ಲಮ್ಮಾ? ಅದಕ್ಕೆ ಅವಕಾಶ ಇದೆ" ಎಂದರು, ದನಿ ತಗ್ಗಿಸಿ.

"ಕೊಟ್ಟಿದ್ದೆ ರೀ ಸಾರ್. 'ಕಾರಣ ತಿಳಿಸಿ' ಅಂತ ವಾಪಸ್ ಬಂತು. 'ಎತ್ತುಗಳು' ಅಂತ ಬರದು ಕಳಿಸಿದೆ. ಅದನ್ನ ದನದ ಆಸ್ಪತ್ರಿಗೆ ಕಳಿಸಿಬಿಟ್ರು. ಆಮ್ಯಾಲೆ ದನದ ಡಾಕ್ಟರು ಎತ್ತಿಗೆ ಲಸಿಕಿ ಹಾಕಾಕ ಬಂದ್ರು." ಆಕೆ ಎಲೆ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. "ಅವರೂ ಗುರುವಾರನ ಬಂದ್ರು ಸಾರ್. ಎತ್ತೂ ಸಿಗಲಿಲ್ಲ."

ಸಾಹೇಬರು ಮುಖ ಆಚೆ ತಿರುಗಿಸಿದರು. ಅವರ ಭುಜಗಳು ಅಲುಗುತ್ತಿದ್ದದ್ದನ್ನು ನಾನು ನೋಡಿದೆ. ಆದರೂ ಇನ್‌ಸ್ಪೆಕ್ಷನ್ನಿಗೆ ಬಂದವರು ಏನಾದರೂ ಒಂದಕ್ಕೆ ಸಿಟ್ಟು ಮಾಡಲೇಬೇಕಲ್ಲ? ಎದ್ದು ನೀಲಿ ಡಬ್ಬಿಯ ಮುಚ್ಚಳ ತೆಗೆದರು. ಮಲ್ಲಿಗೆ ಘಮ್ಮೆಂದಿತು. ಆಗ ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು! ಎರಡು ವರ್ಷದ ಗುರುವಾರಗಳ ಸಿಟ್ಟನ್ನೆಲ್ಲ ಆ ಅರ್ಧ ಮೊಳ ಹೂವಿನ ಮೇಲೆ ತೀರಿಸಿಕೊಂಡರು.

ಹದಿನೈದು ದಿನಕ್ಕೆ ಎರಡು ಲಕೋಟೆ ಬಂದವು. ಒಂದರಲ್ಲಿ, ಸ್ಥಳೀಯ ಪದ್ಧತಿಯ ಕಾರಣ ಆ ಹಳ್ಳಿಯ ಲಸಿಕೆಯ ದಿನವನ್ನು ಸೋಮವಾರಕ್ಕೆ ಬದಲಿಸಲಾಗಿದೆ ಎಂಬ ಆದೇಶ. ಇನ್ನೊಂದು ನೋಟೀಸು: ಲಸಿಕೆ ಡಬ್ಬಿಯಲ್ಲಿ ಹೂವು ಇಟ್ಟಿದ್ದೇಕೆ? ಮೂರು ದಿನದೊಳಗೆ ಸಮಜಾಯಿಷಿ ಕೊಡಿ. ಸಮಜಾಯಿಷಿಯನ್ನು ನಾನೇ ಬರೆದೆ. ನನ್ನ ಆಫೀಸು ಕನ್ನಡ ಅಷ್ಟಕ್ಕಷ್ಟೆ. ಆದರೂ ಅದರ ಒಂದು ಸಾಲು ಇವತ್ತಿಗೂ ಬಾಯಿಪಾಠ. "ಸದರಿ ಹೂವನ್ನು ಅಲಂಕಾರಕ್ಕಾಗಿ ಇಟ್ಟಿರುವುದಿಲ್ಲವೆಂದೂ, ಅದು ಕರ್ತವ್ಯದ ಮೇಲೆ ಇತ್ತೆಂದೂ ತಮ್ಮ ಅವಗಾಹನೆಗೆ ತರಬಯಸುತ್ತೇನೆ." ಮೇಲಿನಿಂದ ಉತ್ತರ ಬರಲಿಲ್ಲ. ಮುಂದಿನ ಸೋಮವಾರದಿಂದ ಸಿಸ್ಟರ್ ಹೂವನ್ನು ಮುಡಿದುಕೊಂಡು ಗೇಟು ದಾಟುತ್ತಿದ್ದಳು. ಗೇಟಿನಾಚೆ ಹೂವು ಮುಡಿಯಿಂದ ಡಬ್ಬಿಗೆ ಇಳಿಯುತ್ತಿತ್ತು. ನಾನು ಆ ಹೊತ್ತಿಗೆ ಸರಿಯಾಗಿ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದೆ.

ನನ್ನ ಗುತ್ತಿಗೆ ಮುಗಿಯಿತು. ಆಕೆಯೂ ರಿಟೈರ್ ಆಗಿ ಕುರುಗೋಡಿಗೆ ಹೋದಳು. ಸೋಮವಾರ ಸೋಮವಾರ ಫೋನು ಮಾಡುತ್ತಿದ್ದಳು. "ದೊಡ್ಡಬಸಪ್ಪನ ಗುಡಿಗೆ ಹೋಗಿದ್ದೆ ರೀ, ನಿಮ್ಮ ಮಂಡಿ ನೋವಿಗೂ ಒಂದು ನಮಸ್ಕಾರ ಹಾಕೀನಿ. ಒಮ್ಮೆ ಬರ್ರಿ." ಬರ್ತೀನಿ, ಬರ್ತೀನಿ ಎನ್ನುತ್ತಲೇ ಇದ್ದೆ... ಮೂವತ್ತು ಕಿಲೋಮೀಟರೂ ಇಲ್ಲದ ಊರು.

ಹೋದದ್ದು ಎರಡು ವರ್ಷದ ಹಿಂದೆ, ಆಕೆಯ ಸೊಸೆ ಫೋನು ಮಾಡಿ ಅತ್ತೆ ಹೋಗಿಬಿಟ್ಟರು ಎಂದಾಗ. ಆಕೆಯ ಮನೆಯ ಓಣಿಗೆ ನನ್ನ ಕಾರು ನುಗ್ಗಲಿಲ್ಲ. ಐದು ಟ್ರ್ಯಾಕ್ಟರುಗಳು ಟ್ರೇಲರ್ ಸಮೇತ ಅಡ್ಡ ನಿಂತಿದ್ದವು. ಬಾನೆಟ್ಟಿನ ಮೇಲೆ ಹಸಿ ವಿಭೂತಿ. ನಾಟಿಯ ಸಮಯದಲ್ಲಿ, ಗದ್ದೆಯನ್ನು ಹಾಗೇ ಬಿಟ್ಟು, ಸಿರುಗುಪ್ಪದಾಚೆಯ ಆ ಹಳ್ಳಿಯೇ ಇಡಿಯಾಗಿ ಬಂದಿತ್ತು. ಆಕೆಯ ಕೈಯಲ್ಲಿ ಸೂಜಿ ಹಾಕಿಸಿಕೊಂಡ ಮಕ್ಕಳು ಮೀಸೆ ಚಿಗುರಿಸಿಕೊಂಡು, ಲಂಗ ದಾವಣಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಕಟ್ಟೆಮನೆಯ ಅಜ್ಜಿ ಹಣ್ಣು ಹಣ್ಣಾಗಿ ಸಿಸ್ಟರ್‌ನ ಪಾದದ ಬಳಿ ಕೂತಿದ್ದಳು.

ದುಃಖದ ಮನೆಯಲ್ಲಿ ಏನು ಮಾತಾಡಬೇಕೆಂದು ನನಗೆ ಯಾವತ್ತೂ ತಿಳಿಯುವುದಿಲ್ಲ. ಅಜ್ಜಿಯ ಪಕ್ಕ ಕೂತು, ತಿಳಿಯದೆ, "ಗುರುವಾರ, ಅದೂ ನಾಟಿ ಟೈಮಲ್ಲಿ, ಎಲ್ಲಾ ಬಿಟ್ಟು ಬಂದೀರಲ್ಲ ಅಜ್ಜಿ" ಎಂದೆ.

ಅಜ್ಜಿ ನನ್ನನ್ನು, ದಿನವಾರ ತಿಳಿಯದವಳನ್ನು ನೋಡುವಂತೆ ನೋಡಿದಳು. "ಎಲ್ಲಿ ಗುರುವಾರ ರೀ ಡಾಕ್ಟರಮ್ಮಾ?" ಎಂದಳು. "ಸಿಸ್ಟರಮ್ಮ ಮುಂದನ ಅದಾಳಲ್ಲ."

...ಹೂವಿನಾಕೆ ಇನ್ನೂ ಕಾಯುತ್ತಿದ್ದಳು. ಒಂದು ಮೊಳ ಕೊಡು ಎಂದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹೂವಿನ ಅಂಚು ನೋಡಿದೆ. "ಏನು ನೋಡ್ತೀರಿ ಅಮ್ಮಾ, ತಾಜಾ ಅದಾವ" ಎಂದಳು. ಎರಡು ಹೂವಿನ ಅಂಚು ಕಪ್ಪಾಗಿತ್ತು. "ಐಸ್ ಜಾಸ್ತಿ ಆಗಿದೆ, ನಡುವೆ ಒಂದು ಬಟ್ಟೆ ಹಾಕು" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ನನ್ನ ಕೂದಲಲ್ಲಿ ಈಗ ಹೂವು ನಿಲ್ಲುವುದಿಲ್ಲ. ಮನೆಗೆ ತಂದು ಫ್ರಿಜ್ಜಿನೊಳಗೆ, ನನ್ನ ಇನ್ಸುಲಿನ್ ಸೀಸೆಯ ಪಕ್ಕ ಇಟ್ಟೆ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡಿದೆ. ಬೆಳ್ಳಗಿತ್ತು. ಔಷಧಿ ಎಳೆದುಕೊಂಡು ಹೊಟ್ಟೆಗೆ ಸೂಜಿ ಹಿಡಿದೆ. ಯಾಕೋ ಚಪ್ಪಲಿಯ ಕಡೆ ಕಣ್ಣು ಹೋಯಿತು. ಸರಿಯಾಗೇ ಇತ್ತು. ಬೈಯಲು ಯಾರೂ ಇರಲಿಲ್ಲ. ನೋವಾಯಿತು.